ಸಾಧನೆಯ ಲೆಕ್ಕ, ತಪ್ಪಿನ ಲೆಕ್ಕ: ಕ್ರೀಡಾಪಟುಗಳ ವ್ಯಕ್ತಿಚಿತ್ರವನ್ನು ಬೋಧಿಸುವ ಬಗೆ

ಪ್ರೌಢಶಾಲೆಯ ಭಾಷಾ ವಾಚಕಗಳಲ್ಲಿ ವ್ಯಕ್ತಿಚಿತ್ರಕ್ಕೆ ಬಹುಕಾಲದಿಂದ ಸ್ಥಾನವಿದೆ. ಕವಿ, ಸಂತ, ಸ್ವಾತಂತ್ರ್ಯ ಹೋರಾಟಗಾರ, ವಿಜ್ಞಾನಿ ಇವರ ಸಾಲಿನಲ್ಲಿಯೇ ಈಗ ಕ್ರೀಡಾಪಟುವೂ ಸೇರಿಕೊಂಡಿರುವುದು ಯೋಗ್ಯವೇ ಆಗಿದೆ. ಆದರೆ ಈ ಕೊನೆಯ ಬಗೆಯ ಪಾಠದಲ್ಲಿ ಉಳಿದವುಗಳಲ್ಲಿ ಇಲ್ಲದ ಒಂದು ತೊಡಕಿದೆ. ಕವಿಯ ಅಥವಾ ಸಂತನ ಬದುಕು ಮುಗಿದ ಮೇಲೆ ಪಾಠ ಸಿದ್ಧವಾಗುತ್ತದೆ. ಕ್ರೀಡಾಪಟುವಿನ ಪಾಠ ಅಚ್ಚಾಗುವಾಗ ಆ ವ್ಯಕ್ತಿ ಇನ್ನೂ ಮೂವತ್ತರ ಆಸುಪಾಸಿನಲ್ಲಿರುತ್ತಾನೆ. ಪುಸ್ತಕ ಹಲವು ವರ್ಷ ಬಳಕೆಯಲ್ಲಿರುತ್ತದೆ; ಒಬ್ಬನ ಹೆಸರು ಕೆಡಲು ಒಂದು ರಾತ್ರಿ ಸಾಕು.

ಹೊಸೂರು, ತಳಿ, ಬಾಗಲೂರು, ಬೇರಿಕೆ, ದೇನ್ಕಣಿಕೋಟೆ ಭಾಗದ ಕನ್ನಡ ಮಾಧ್ಯಮದ ಮಕ್ಕಳಿಗೆ ಕ್ರೀಡಾಸುದ್ದಿ ಎರಡು ದಿಕ್ಕಿನಿಂದ ಬರುತ್ತದೆ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ ಹೊಸೂರಿನಿಂದ ಸುಮಾರು 40 ಕಿಲೋಮೀಟರ್. ಚೆನ್ನೈನ ಚೇಪಾಕ್ 300 ಕಿಲೋಮೀಟರಿಗೂ ಹೆಚ್ಚು. ಮನೆಯಲ್ಲಿ ಕನ್ನಡ ಪತ್ರಿಕೆ, ದೂರದರ್ಶನದಲ್ಲಿ ತಮಿಳು ವಾರ್ತೆ, ಕೈಯಲ್ಲಿ ಅಣ್ಣನ ಫೋನು. ಶಿಕ್ಷಕರು ತರಗತಿಗೆ ಕಾಲಿಡುವ ಮೊದಲೇ ಆಟಗಾರನೊಬ್ಬನ ಬಂಧನದ ಸುದ್ದಿ ಅಲ್ಲಿಗೆ ತಲುಪಿರುತ್ತದೆ. ‘ಸರ್, ಈ ಪಾಠವನ್ನು ಇನ್ನೂ ಓದಬೇಕೆ?’ ಎಂದು ವಿದ್ಯಾರ್ಥಿಯೊಬ್ಬ ಕೇಳಿದರೆ ಅದನ್ನು ಅಧಿಕಪ್ರಸಂಗವೆಂದು ಅಡಗಿಸುವುದು ಸುಲಭ. ಅದು ಆ ಪಾಠದಿಂದ ಹುಟ್ಟಬಹುದಾದ ಅತ್ಯುತ್ತಮ ಪ್ರಶ್ನೆ ಎಂದು ಗುರುತಿಸುವ ಶಿಕ್ಷಕರಿಗಾಗಿ ಈ ಲೇಖನವಿದೆ.

ಬೆಂಗಳೂರಿನ ಒಂದು ಪಂದ್ಯ

ಚರ್ಚೆಗೆ ಹತ್ತಿರದ ಉದಾಹರಣೆಯೊಂದನ್ನು ಆರಿಸಿಕೊಳ್ಳುವುದು ಒಳ್ಳೆಯದು. 2000ನೆಯ ಇಸವಿಯ ಮಾರ್ಚ್ ತಿಂಗಳ ಮೊದಲ ವಾರದಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಾ ನಡುವೆ ಟೆಸ್ಟ್ ಪಂದ್ಯ ನಡೆಯಿತು. ಭಾರತ ಒಂದು ಇನ್ನಿಂಗ್ಸ್ ಮತ್ತು 71 ಓಟಗಳಿಂದ ಸೋತಿತು. ಸೋಲಿನ ನಡುವೆ ಭಾರತದ ಎರಡನೆಯ ಸರದಿಯಲ್ಲಿ ಮೊಹಮ್ಮದ್ ಅಜರುದ್ದೀನ್ 102 ಓಟ ಗಳಿಸಿದರು. ಅದು ಅವರ 22ನೆಯ ಶತಕ, 99ನೆಯ ಟೆಸ್ಟ್. ನೂರನೆಯದು ಬರಲೇ ಇಲ್ಲ.

ಎದುರಾಳಿ ತಂಡದ ನಾಯಕ ಹ್ಯಾನ್ಸಿ ಕ್ರೋನಿಯೆ. ಏಪ್ರಿಲ್ ತಿಂಗಳಲ್ಲಿ ದೆಹಲಿ ಪೊಲೀಸರು ಆತ ಜೂಜುಕೋರರೊಂದಿಗೆ ದೂರವಾಣಿಯಲ್ಲಿ ಆಡಿದ ಮಾತುಗಳನ್ನು ಬಹಿರಂಗಪಡಿಸಿದರು. ಕ್ರೋನಿಯೆ ಮೊದಲು ಅಲ್ಲಗಳೆದು, ಕೆಲವೇ ದಿನಗಳಲ್ಲಿ ತಾನು ಪ್ರಾಮಾಣಿಕನಾಗಿರಲಿಲ್ಲವೆಂದು ತನ್ನ ಮಂಡಳಿಯ ಮುಂದೆ ಒಪ್ಪಿಕೊಂಡರು. ದಕ್ಷಿಣ ಆಫ್ರಿಕಾದಲ್ಲಿ ನ್ಯಾಯಮೂರ್ತಿ ಕಿಂಗ್ ಅವರ ಆಯೋಗ ವಿಚಾರಣೆ ನಡೆಸಿತು. ಆಜೀವ ನಿಷೇಧ ಜಾರಿಯಾಯಿತು. ಭಾರತದಲ್ಲಿ ಕೇಂದ್ರ ತನಿಖಾ ದಳ ವರದಿ ಸಲ್ಲಿಸಿದ ಮೇಲೆ, ಅದೇ ವರ್ಷದ ಡಿಸೆಂಬರಿನಲ್ಲಿ ಕ್ರಿಕೆಟ್ ನಿಯಂತ್ರಣ ಮಂಡಳಿ ಅಜರುದ್ದೀನರ ಮೇಲೂ ಆಜೀವ ನಿಷೇಧ ಹೇರಿತು.

ಇಲ್ಲಿಯವರೆಗಿನ ಕಥೆ ಬಹುಮಂದಿಗೆ ತಿಳಿದಿದೆ. ಮುಂದಿನದನ್ನು ಹೇಳುವವರು ಕಡಿಮೆ. ಅಜರುದ್ದೀನ್ ಆರೋಪವನ್ನು ಒಪ್ಪದೆ ನ್ಯಾಯಾಲಯದ ಮೆಟ್ಟಿಲೇರಿದರು. ಪ್ರಕರಣ ವರ್ಷಗಟ್ಟಲೆ ನಡೆದು, 2012ರ ನವೆಂಬರಿನಲ್ಲಿ ಆಂಧ್ರಪ್ರದೇಶದ ಉಚ್ಚ ನ್ಯಾಯಾಲಯ ಆ ನಿಷೇಧ ಕಾನೂನಿನ ಮುಂದೆ ನಿಲ್ಲುವುದಿಲ್ಲವೆಂದು ತೀರ್ಪಿತ್ತಿತು. ಆಗ ಅವರಿಗೆ 49 ವರ್ಷ. ಆ ವಯಸ್ಸಿನಲ್ಲಿ ಯಾರೂ ನೂರನೆಯ ಟೆಸ್ಟ್ ಆಡಲು ಹೋಗುವುದಿಲ್ಲ.

ಇಷ್ಟು ಹೇಳಿ ಶಿಕ್ಷಕರು ತುಸು ನಿಲ್ಲಬೇಕು. ಈ ಕಥೆಯಲ್ಲಿ ಮೂರು ಬಗೆಯ ದಾಖಲೆಗಳಿವೆ. ಅಂಕಿ ಅಂಶದ ಪುಟ ಒಂದು: 99 ಟೆಸ್ಟ್, 6215 ಓಟ, 22 ಶತಕ. 1984–85ರಲ್ಲಿ ಕಲ್ಕತ್ತ, ಮದರಾಸು, ಕಾನ್ಪುರಗಳಲ್ಲಿ ಇಂಗ್ಲೆಂಡಿನ ವಿರುದ್ಧ ತಮ್ಮ ಮೊದಲ ಮೂರು ಟೆಸ್ಟ್‌ಗಳಲ್ಲಿ ಮೂರು ಶತಕ. ಇದನ್ನು ಯಾವ ಮಂಡಳಿಯೂ ಅಳಿಸಲಿಲ್ಲ. ಮಂಡಳಿಯ ನಿಷೇಧದ ಆದೇಶ ಇನ್ನೊಂದು. ನ್ಯಾಯಾಲಯದ ತೀರ್ಪು ಮತ್ತೊಂದು. ಮೂರನ್ನೂ ಓದಿದವನಿಗೆ ‘ಅಜರ್ ಒಳ್ಳೆಯವನೋ ಕೆಟ್ಟವನೋ’ ಎಂಬ ಒಂದೇ ಪ್ರಶ್ನೆಯಲ್ಲಿ ಸಮಾಧಾನ ಸಿಗುವುದಿಲ್ಲ. ಕ್ರಿಕೆಟ್ ಪ್ರೇಮಿಗಳು ಈ ಪ್ರಶ್ನೆಯನ್ನು ಕಾಲು ಶತಮಾನದಿಂದ ಹಾಗೆಯೇ ಕೇಳುತ್ತಿದ್ದಾರೆ. ಉತ್ತರ ಮುಂದೆ ಸರಿಯದಿರುವುದಕ್ಕೆ ಪ್ರಶ್ನೆಯ ರೂಪವೇ ಕಾರಣ.

ತಪ್ಪು ಎಲ್ಲಿ ನಡೆಯಿತು?

ಸಾಧನೆಯನ್ನೂ ತಪ್ಪನ್ನೂ ಬೇರ್ಪಡಿಸಬಹುದೇ ಎಂದು ಕೇಳುವ ಮೊದಲು, ತಪ್ಪು ನಡೆದ ಜಾಗ ಯಾವುದೆಂದು ಕೇಳಬೇಕು. 1988ರ ಸೋಲ್ ಒಲಿಂಪಿಕ್ಸಿನಲ್ಲಿ ಕೆನಡಾದ ಬೆನ್ ಜಾನ್ಸನ್ ನೂರು ಮೀಟರನ್ನು 9.79 ಸೆಕೆಂಡಿನಲ್ಲಿ ಓಡಿದ. ಮೂರು ದಿನಗಳಲ್ಲಿ ನಿಷೇಧಿತ ಔಷಧ ಸೇವನೆ ರುಜುವಾತಾಗಿ ಪದಕ ಹೋಯಿತು. ಅಲ್ಲಿ ಬೇರ್ಪಡಿಸಲು ಏನೂ ಉಳಿಯಲಿಲ್ಲ, ಏಕೆಂದರೆ ತಪ್ಪೇ ಓಟದೊಳಗೆ ಕರಗಿತ್ತು. 1999ರಿಂದ 2005ರವರೆಗೆ ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆಯನ್ನು ಸತತ ಏಳು ಬಾರಿ ಗೆದ್ದು, 2012ರಲ್ಲಿ ಏಳನ್ನೂ ಕಳೆದುಕೊಂಡ ಲಾನ್ಸ್ ಆರ್ಮ್‌ಸ್ಟ್ರಾಂಗ್‌ನ ಕಥೆಯೂ ಅದೇ.

ದಕ್ಷಿಣ ಆಫ್ರಿಕಾದ ಆಸ್ಕರ್ ಪಿಸ್ಟೋರಿಯಸ್‌ನ ಪ್ರಕರಣ ಇದಕ್ಕೆ ವಿರುದ್ಧವಾದ ತುದಿ. ಎರಡೂ ಕಾಲುಗಳನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡಿದ್ದ ಆತ 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಕೃತಕ ಕಾಲುಗಳ ಮೇಲೆ ಓಡಿದ. ಮರುವರ್ಷ ಫೆಬ್ರವರಿ 14ರಂದು ತನ್ನ ಮನೆಯಲ್ಲಿ ರೀವಾ ಸ್ಟೀನ್‌ಕ್ಯಾಂಪ್ ಎಂಬ ಯುವತಿಯನ್ನು ಗುಂಡಿಟ್ಟು ಕೊಂದ. ಕೆಳ ನ್ಯಾಯಾಲಯ ಉದ್ದೇಶರಹಿತ ಹತ್ಯೆಯೆಂದರೂ, 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಕೊಲೆಯೆಂದೇ ತೀರ್ಮಾನಿಸಿತು. ಆತ ಲಂಡನ್ನಿನಲ್ಲಿ ಓಡಿದ್ದು ಸುಳ್ಳಾಗಲಿಲ್ಲ. ಆದರೆ ‘ಛಲವಿದ್ದರೆ ಏನನ್ನೂ ಸಾಧಿಸಬಹುದು’ ಎಂಬ ಶೀರ್ಷಿಕೆಯ ಕೆಳಗೆ ಆತನ ಚಿತ್ರವನ್ನು ಮಕ್ಕಳ ಮುಂದೆ ಇಡುವುದು ಇನ್ನು ಸಾಧ್ಯವೇ? ಇಲ್ಲಿ ಓಟದ ದಾಖಲೆ ಮತ್ತು ಆದರ್ಶದ ಸ್ಥಾನ ಎಂಬ ಎರಡು ಬೇರೆ ಸಂಗತಿಗಳಿವೆಯೆಂದು ವಿದ್ಯಾರ್ಥಿಗಳು ತಾವಾಗಿ ಕಂಡುಕೊಳ್ಳುತ್ತಾರೆ. ದಾಖಲೆಯನ್ನು ಗಡಿಯಾರ ಕೊಡುತ್ತದೆ. ಆದರ್ಶದ ಸ್ಥಾನವನ್ನು ಸಮಾಜ ಕೊಡುತ್ತದೆ. ಕೊಟ್ಟವರು ಹಿಂದಕ್ಕೆ ಪಡೆಯಬಹುದು. ಈ ಪಾಠದಲ್ಲಿ ಇನ್ನೊಂದು ಎಚ್ಚರ ಅಗತ್ಯ. ಕೊಂದವನ ಹೆಸರು ಎಲ್ಲರಿಗೂ ನೆನಪಿರುತ್ತದೆ. ಕೊಲೆಯಾದವಳ ಹೆಸರನ್ನೂ ಕಪ್ಪುಹಲಗೆಯ ಮೇಲೆ ಬರೆಯಬೇಕು.

ಜೂಜಿನ ಪ್ರಕರಣಗಳು ಈ ಎರಡು ತುದಿಗಳ ನಡುವೆ ಬರುತ್ತವೆ, ಆದ್ದರಿಂದಲೇ ಹೆಚ್ಚು ಕಷ್ಟದವು. 2000ದ ಮಾರ್ಚ್ 19ರಂದು ನಾಗಪುರದ ಏಕದಿನ ಪಂದ್ಯದಲ್ಲಿ ಹರ್ಷಲ್ ಗಿಬ್ಸ್ ಎಂಬ ಆಟಗಾರ 20ಕ್ಕಿಂತ ಕಡಿಮೆ ಓಟ ಗಳಿಸಲು ತನ್ನ ನಾಯಕನ ಮಾತಿನಂತೆ ಹಣಕ್ಕೆ ಒಪ್ಪಿಕೊಂಡಿದ್ದ. ಮೈದಾನಕ್ಕಿಳಿದವನು 74 ಓಟ ಹೊಡೆದ. ಆತನಿಗೆ ಆರು ತಿಂಗಳ ನಿಷೇಧ ಬಂತು. ಆ 74 ಓಟಗಳನ್ನು ಏನೆಂದು ಕರೆಯಬೇಕು? ಪ್ರಾಮಾಣಿಕ ಆಟವೇ, ಅಪ್ರಾಮಾಣಿಕನ ಆಟವೇ? ಒಂಬತ್ತನೆಯ ತರಗತಿಯ ಮಕ್ಕಳು ಈ ಪ್ರಶ್ನೆಯ ಮೇಲೆ ಒಂದು ಅವಧಿಯಿಡೀ ವಾದಿಸಬಲ್ಲರು. ಶಿಕ್ಷಕರು ಉತ್ತರ ಕೊಡದಿದ್ದರೆ ನಷ್ಟವಿಲ್ಲ.

ಆರೋಪಿ, ಅಪರಾಧಿ

ಭಾಷಾಶಿಕ್ಷಕರ ನಿಜವಾದ ಕೆಲಸ ಇಲ್ಲಿಂದ ಆರಂಭವಾಗುತ್ತದೆ. ಕನ್ನಡದಲ್ಲಿ ‘ಆರೋಪಿ’ ಮತ್ತು ‘ಅಪರಾಧಿ’ ಎಂಬ ಪದಗಳು ಕಿವಿಗೆ ಒಂದೇ ತೆರನಾಗಿ ಬೀಳುತ್ತವೆ. ಮಕ್ಕಳು ಒಂದರ ಜಾಗದಲ್ಲಿ ಇನ್ನೊಂದನ್ನು ಬರೆಯುವುದು ಸಾಮಾನ್ಯ. ಈ ಭಾಗದ ಮಕ್ಕಳಿಗೆ ತಮಿಳು ನೆರವಿಗೆ ಬರುತ್ತದೆ. ‘ಕುಟ್ರಂ ಸಾಟ್ಟಪ್ಪಟ್ಟವರ್’ ಎಂದರೆ ಕುತ್ತ ಹೊರಿಸಲ್ಪಟ್ಟವನು, ‘ಕುಟ್ರವಾಳಿ’ ಎಂದರೆ ಕುತ್ತವೆಸಗಿದವನು. ಮೊದಲನೆಯದು ಉದ್ದವಾದ ಪದ, ಹೇಳಲು ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿಯೇ ನ್ಯಾಯವಿದೆ ಎನ್ನಬಹುದು. ಎರಡು ಭಾಷೆಗಳ ನಡುವೆ ಬೆಳೆಯುವ ಮಗುವಿಗೆ ಇಂಥ ಹೋಲಿಕೆ ವ್ಯಾಕರಣದ ಪುಸ್ತಕಕ್ಕಿಂತ ಬೇಗ ಅರ್ಥವಾಗುತ್ತದೆ.

ಒಲಿಂಪಿಕ್ಸಿನಲ್ಲಿ 2008ರಲ್ಲಿ ಕಂಚು, 2012ರಲ್ಲಿ ಬೆಳ್ಳಿ ಗೆದ್ದ ಕುಸ್ತಿಪಟು ಸುಶೀಲ್ ಕುಮಾರ್ 2021ರ ಮೇ ತಿಂಗಳಲ್ಲಿ ಯುವ ಕುಸ್ತಿಪಟುವೊಬ್ಬನ ಕೊಲೆಯ ಪ್ರಕರಣದಲ್ಲಿ ಬಂಧಿತರಾದರು. ಬಂಧನವಾದ ದಿನವೇ ಅನೇಕರ ಮಾತಿನಲ್ಲಿ ಅವರು ಕೊಲೆಗಾರರಾದರು. ಬಂಧನ, ಆರೋಪಪಟ್ಟಿ, ವಿಚಾರಣೆ, ತೀರ್ಪು, ಮೇಲ್ಮನವಿ ಇವು ಬೇರೆ ಬೇರೆ ಮೆಟ್ಟಿಲುಗಳು. ಪ್ರತಿ ಮೆಟ್ಟಿಲಿಗೂ ಕನ್ನಡದಲ್ಲಿ ಅದರದೇ ಕ್ರಿಯಾಪದವಿದೆ: ಬಂಧಿಸಿದರು, ಆರೋಪ ಹೊರಿಸಿದರು, ವಿಚಾರಣೆಗೆ ಗುರಿಪಡಿಸಿದರು, ಖುಲಾಸೆಗೊಳಿಸಿದರು, ಶಿಕ್ಷೆ ವಿಧಿಸಿದರು. ಯಾವುದೇ ದಿನದ ಪತ್ರಿಕೆಯಿಂದ ಈ ಕ್ರಿಯಾಪದಗಳನ್ನು ಹೆಕ್ಕಿ ಪಟ್ಟಿಮಾಡಿಸುವುದು ಒಳ್ಳೆಯ ಅಭ್ಯಾಸ.

ಕರ್ನಾಟಕದ ಇನ್ನೊಂದು ಪ್ರಕರಣ ಈ ಸೂಕ್ಷ್ಮವನ್ನು ಮತ್ತಷ್ಟು ತಿಳಿಯಾಗಿಸುತ್ತದೆ. ಕರ್ನಾಟಕ ಪ್ರೀಮಿಯರ್ ಲೀಗ್ ಪಂದ್ಯಗಳಲ್ಲಿ ಜೂಜು ನಡೆದಿದೆಯೆಂದು 2019ರಲ್ಲಿ ಬೆಂಗಳೂರಿನ ಅಪರಾಧ ವಿಭಾಗದ ಪೊಲೀಸರು ಕೆಲವು ಆಟಗಾರರನ್ನು ಬಂಧಿಸಿದ್ದರು. 2022ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅವರ ಮೇಲಿನ ವಂಚನೆಯ ಪ್ರಕರಣವನ್ನು ರದ್ದುಪಡಿಸಿತು. ಪಂದ್ಯವನ್ನು ಮೊದಲೇ ಗೊತ್ತುಪಡಿಸುವುದು ಅಪ್ರಾಮಾಣಿಕತೆ ಆಗಬಹುದು, ಅಶಿಸ್ತು ಆಗಬಹುದು, ಮಂಡಳಿ ಅದಕ್ಕೆ ಕ್ರಮ ಕೈಗೊಳ್ಳಬಹುದು. ಆದರೆ ದಂಡಸಂಹಿತೆಯ 420ನೆಯ ಕಲಮಿನಂತೆ ಅದು ವಂಚನೆಯಾಗುವುದಿಲ್ಲ ಎಂಬುದು ಆ ತೀರ್ಪಿನ ತಿರುಳು. ‘ಪ್ರಕರಣ ರದ್ದಾಯಿತು’ ಎಂಬ ವಾಕ್ಯದ ಅರ್ಥ ‘ತಪ್ಪು ನಡೆಯಲೇ ಇಲ್ಲ’ ಎಂದಲ್ಲ, ‘ತಪ್ಪು ನಡೆದಿತ್ತು’ ಎಂದೂ ಅಲ್ಲ. ಕಾನೂನಿನ ಅಪರಾಧ, ಆಟದ ನಿಯಮದ ಉಲ್ಲಂಘನೆ, ನಡತೆಯ ದೋಷ ಮೂರಕ್ಕೂ ಅಳತೆಗೋಲು ಬೇರೆ.

ಶಿಕ್ಷೆಯಿದ್ದ ಕಡೆಯಲ್ಲೆಲ್ಲ ತಪ್ಪಿರುತ್ತದೆಯೆಂಬ ನಂಬಿಕೆಯನ್ನೂ ಇಲ್ಲಿಯೇ ಅಲುಗಾಡಿಸಬೇಕು. ಪುದುಕ್ಕೋಟೆ ಜಿಲ್ಲೆಯ ಬಡ ಕುಟುಂಬದಿಂದ ಬಂದ ಓಟಗಾರ್ತಿ ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಕ್ರೀಡಾಕೂಟದ 800 ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದರು. ಲಿಂಗ ಪರೀಕ್ಷೆಯ ಹೆಸರಿನಲ್ಲಿ ಆ ಪದಕವನ್ನು ಹಿಂದಕ್ಕೆ ಪಡೆಯಲಾಯಿತು. ಅವರು ಯಾವ ಔಷಧವನ್ನೂ ಸೇವಿಸಿರಲಿಲ್ಲ, ಯಾರನ್ನೂ ಮೋಸಗೊಳಿಸಿರಲಿಲ್ಲ. ಹುಟ್ಟಿದ ದೇಹದೊಂದಿಗೆ ಓಡಿದ್ದರು. ಬೆನ್ ಜಾನ್ಸನ್‌ನ ಹೆಸರಿನ ಮುಂದೆಯೂ ಶಾಂತಿಯವರ ಹೆಸರಿನ ಮುಂದೆಯೂ ‘ಪದಕ ಹಿಂಪಡೆಯಲಾಯಿತು’ ಎಂಬ ಒಂದೇ ವಾಕ್ಯವಿದೆ. ಅವಮಾನದ ಆಳಕ್ಕಿಳಿದು ಮೇಲೆದ್ದು ಬಂದ ಶಾಂತಿ ಮುಂದೆ ತಮಿಳುನಾಡಿನಲ್ಲಿ ಓಟದ ತರಬೇತುದಾರರಾದರು. ಈ ಉದಾಹರಣೆಯನ್ನು ಬಿಟ್ಟು ಈ ಪಾಠವನ್ನು ಮುಗಿಸಬಾರದು.

ಅವರು, ಆತ, ಅವನು

ಕನ್ನಡದ ಸರ್ವನಾಮಗಳು ತೀರ್ಪು ಕೊಡುತ್ತವೆ. ಗೆದ್ದ ದಿನ ‘ಅವರು’ ಆಗಿದ್ದ ಆಟಗಾರ ಬಂಧನದ ದಿನ ಪತ್ರಿಕೆಯಲ್ಲಿ ‘ಆತ’ ಆಗುತ್ತಾನೆ, ಶಾಲೆಯ ಅಂಗಳದಲ್ಲಿ ‘ಅವನು’ ಆಗುತ್ತಾನೆ. ತಮಿಳಿನ ‘ಅವರ್’, ‘ಅವನ್’ಗಳಿಗೂ ಇದೇ ಗತಿ. ಇಂಗ್ಲಿಷಿನಲ್ಲಿ ಈ ಇಳಿಜಾರು ಕಾಣುವುದಿಲ್ಲ, ಅಲ್ಲಿ ಪದ ಒಂದೇ. ಈ ಲೇಖನದಲ್ಲಿಯೇ ಯಾರಿಗೆ ಬಹುವಚನ ಬಂದಿದೆ, ಯಾರಿಗೆ ಬಂದಿಲ್ಲ ಎಂಬುದನ್ನು ಮಕ್ಕಳಿಂದ ಹುಡುಕಿಸಬಹುದು. ಆ ಆಯ್ಕೆ ಸರಿಯೇ ಎಂದೂ ಕೇಳಬಹುದು.

ವಾಕ್ಯದ ಕ್ರಮವೂ ಹಾಗೆಯೇ. ‘ಕ್ರೋನಿಯೆ 53 ಟೆಸ್ಟ್‌ಗಳಲ್ಲಿ ತಂಡದ ನಾಯಕತ್ವ ವಹಿಸಿದರು, ಆದರೆ ಹಣಕ್ಕೆ ಆಟವನ್ನು ಮಾರಿದರು’ ಎಂಬುದಕ್ಕೂ ‘ಹಣಕ್ಕೆ ಆಟವನ್ನು ಮಾರಿದರು, ಆದರೆ 53 ಟೆಸ್ಟ್‌ಗಳಲ್ಲಿ ತಂಡದ ನಾಯಕತ್ವ ವಹಿಸಿದರು’ ಎಂಬುದಕ್ಕೂ ಸಂಗತಿಯಲ್ಲಿ ಭೇದವಿಲ್ಲ. ‘ಆದರೆ’ಯ ನಂತರ ಬಂದದ್ದು ಕಿವಿಯಲ್ಲಿ ಉಳಿಯುತ್ತದೆ. ‘ಆದರೆ’ಯನ್ನು ತೆಗೆದು ‘ಮತ್ತು’ ಹಾಕಿದರೆ? ಎರಡು ಸ್ವತಂತ್ರ ವಾಕ್ಯಗಳಾಗಿ ಒಡೆದರೆ? ಕ್ರೋನಿಯೆ 2002ರ ಜೂನ್ 1ರಂದು, 32ನೆಯ ವಯಸ್ಸಿನಲ್ಲಿ, ವಿಮಾನ ಅಪಘಾತದಲ್ಲಿ ತೀರಿಕೊಂಡರು. ಎರಡು ವರ್ಷಗಳ ನಂತರ ಅಲ್ಲಿನ ದೂರದರ್ಶನ ನಡೆಸಿದ ಜನಮತದಲ್ಲಿ ದೇಶದ ಮಹಾನ್ ವ್ಯಕ್ತಿಗಳ ಪೈಕಿ ಅವರಿಗೆ 11ನೆಯ ಸ್ಥಾನ ಸಿಕ್ಕಿತು. ಆ ಜನ ‘ಆದರೆ’ಯನ್ನು ಎಲ್ಲಿ ಇಟ್ಟರೆಂದು ಊಹಿಸುವುದು ಕಷ್ಟವಲ್ಲ.

ಕಲ್ಲಿನ ಮೇಲಿನ ಮಾತು

ಇದು ಪರದೇಶದಿಂದ ಬಂದ ಹೊಸ ಸಮಸ್ಯೆಯೆಂದು ಮಕ್ಕಳಿಗೆ ತೋರಬಾರದು. ಕೃಷ್ಣಗಿರಿ ಮತ್ತು ಧರ್ಮಪುರಿ ಸೀಮೆ ವೀರಗಲ್ಲುಗಳ ಸೀಮೆ. ತಮಿಳಿನಲ್ಲಿ ಇವಕ್ಕೆ ನಡುಕಲ್ ಎನ್ನುತ್ತಾರೆ. ವಟ್ಟೆಳುತ್ತು ಲಿಪಿಯ ಕಲ್ಲುಗಳೂ ಇಲ್ಲಿವೆ, ಕನ್ನಡ ಬರಹದ ಕಲ್ಲುಗಳೂ ಇವೆ. ಕೃಷ್ಣಗಿರಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಅವನ್ನು ಹತ್ತಿರದಿಂದ ನೋಡಬಹುದು. ದನಗಳನ್ನು ಕಾಯುವಾಗ ಸತ್ತವನಿಗೆ ಕಲ್ಲು ನಿಂತಿದೆ. ಪರರ ದನಗಳನ್ನು ಹೊಡೆದುಕೊಂಡು ಬರಲು ಹೋಗಿ ಸತ್ತವನಿಗೂ ಕಲ್ಲು ನಿಂತದ್ದುಂಟು. ಕಲ್ಲು ಹೇಳುವುದು ಇಂಥ ಅರಸನ ಕಾಲದಲ್ಲಿ ಇಂಥವನು ಹೀಗೆ ಹೋರಾಡಿ ಬಿದ್ದನೆಂಬಷ್ಟನ್ನೇ. ಮನೆಯಲ್ಲಿ ಆತ ಎಂಥ ಗಂಡ, ಊರಿನಲ್ಲಿ ಎಂಥ ನೆರೆಯವನು ಎಂಬುದನ್ನು ಅದು ಹೇಳಹೊರಡುವುದಿಲ್ಲ. ಒಂದು ಕೃತ್ಯದ ಸಾಕ್ಷಿಯಾಗಿ ಅದು ಮಿತಿಯನ್ನು ಉಳಿಸಿಕೊಂಡಿದೆ. ಅದೇ ಕಲ್ಲಿಗೆ ಊರವರು ಎಣ್ಣೆ ಹಚ್ಚಿ ಹೂವಿಟ್ಟಾಗ ಮಾತ್ರ ಆತ ದೇವರಾಗುತ್ತಾನೆ.

ಹಳಗನ್ನಡ ಕವಿಗಳು ಇನ್ನೂ ಮುಂದೆ ಹೋದರು. ರನ್ನನ ಗದಾಯುದ್ಧದ ದುರ್ಯೋಧನನಿಗೆ ದ್ರೌಪದಿಗೆ ಆದ ಅವಮಾನದ ಹೊಣೆ ತಪ್ಪುವುದಿಲ್ಲ. ಆದರೂ ಆತನ ಛಲವನ್ನು ಕವಿ ಮನಸಾರೆ ಚಿತ್ರಿಸುತ್ತಾನೆ. ಇನ್ನು ಗೆದ್ದ ಭೀಮನ ಕಡೆ ನೋಡಿದರೆ, ಗದೆಯ ಕಾಳಗದಲ್ಲಿ ನಾಭಿಯ ಕೆಳಗೆ ಹೊಡೆಯಬಾರದೆಂಬ ನಿಯಮವನ್ನು ಮುರಿದು ತೊಡೆಗೆ ಹೊಡೆದವನು ಅವನೇ. ಇಬ್ಬರಿಗೂ ಗದಾವಿದ್ಯೆ ಕಲಿಸಿದ ಬಲರಾಮ ಅದನ್ನು ಕಂಡು ಕೆರಳಿದನೆಂದು ಭಾರತದ ಕಥೆ ಹೇಳುತ್ತದೆ. ಬಲರಾಮನ ಕೋಪ ಒಬ್ಬ ತೀರ್ಪುಗಾರನ ಕೋಪ: ದುರ್ಯೋಧನ ಎಷ್ಟೇ ಕೆಟ್ಟವನಿರಲಿ, ಕಣದೊಳಗೆ ನಿಯಮ ಮುರಿದವನು ಭೀಮ. ಕಬಡ್ಡಿ ಆಡುವ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಾಲೆಯ ಅಂಗಳದಲ್ಲಿ

ಬೇರ್ಪಡಿಸುವುದು ಒಂದು ಬೌದ್ಧಿಕ ಶಿಸ್ತು. ಅದನ್ನು ಕ್ಷಮೆಯ ಇನ್ನೊಂದು ಹೆಸರಾಗಿ ಬಳಸುವವರೇ ಹೆಚ್ಚೆಂಬುದನ್ನು ಶಿಕ್ಷಕರು ಮರೆಯಬಾರದು. ‘ಆಟ ಬೇರೆ, ಬದುಕು ಬೇರೆ’ ಎಂಬ ಮಾತು ಹೆಚ್ಚಾಗಿ ಕೇಳಿಬರುವುದು ಚೆನ್ನಾಗಿ ಆಡುವವನ ಪರವಾಗಿ. ಆಟ ಬಾರದವನ ತಪ್ಪಿಗೆ ಯಾರೂ ಈ ಮಾತನ್ನು ಆಡುವುದಿಲ್ಲ.

ವಲಯಮಟ್ಟದ ಕ್ರೀಡಾಕೂಟ ಹತ್ತಿರ ಬಂದಿದೆಯೆಂದು ಇಟ್ಟುಕೊಳ್ಳೋಣ. ಶಾಲೆಯ ಕಬಡ್ಡಿ ತಂಡದ ಒಳ್ಳೆಯ ದಾಳಿಗಾರ ಕಿರಿಯ ತರಗತಿಯ ಹುಡುಗನ ಮೇಲೆ ಕೈ ಮಾಡಿದ್ದಾನೆ, ಅಥವಾ ಒಬ್ಬ ಹುಡುಗಿಯೊಂದಿಗೆ ಅನುಚಿತವಾಗಿ ನಡೆದುಕೊಂಡಿದ್ದಾನೆ. ‘ಪಂದ್ಯ ಮುಗಿಯಲಿ, ಆಮೇಲೆ ನೋಡೋಣ’ ಎಂದು ಹಿರಿಯರು ತೀರ್ಮಾನಿಸಿದರೆ ಅವರು ಸಾಧನೆಯನ್ನೂ ತಪ್ಪನ್ನೂ ಬೇರ್ಪಡಿಸಲಿಲ್ಲ. ಒಂದರಿಂದ ಇನ್ನೊಂದನ್ನು ಕೊಂಡುಕೊಂಡರು. ನಿಜವಾಗಿ ಬೇರ್ಪಡಿಸುವವನು ಆತ ಹೋದ ವರ್ಷ ಗೆದ್ದ ಪ್ರಶಸ್ತಿಪತ್ರವನ್ನು ಹರಿಯುವುದಿಲ್ಲ, ಈ ವರ್ಷದ ದೂರನ್ನು ಮುಚ್ಚಿಡುವುದೂ ಇಲ್ಲ. ನೊಂದ ಹುಡುಗಿ ಅದೇ ತರಗತಿಯಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿರುತ್ತಾಳೆ. ಗೋಡೆಯ ಮೇಲೆ ತೂಗುಹಾಕಿದ ತಂಡದ ಚಿತ್ರ ಅವಳಿಗೆ ಏನು ಹೇಳುತ್ತದೆಂಬುದು ಶಾಲೆಯವರು ಕೇಳಿಕೊಳ್ಳಬೇಕಾದ ಪ್ರಶ್ನೆ.

ಈ ಪಾಠದ ಚರ್ಚೆಯ ನಡುವೆ ಅಥವಾ ಅದರ ನಂತರ ಯಾವುದಾದರೂ ಮಗು ತನಗಾದ ದೌರ್ಜನ್ಯವನ್ನು ಹೇಳಿಕೊಳ್ಳುವ ಸಾಧ್ಯತೆ ಇದ್ದೇ ಇದೆ. ಅದನ್ನು ತರಗತಿಯ ಮುಂದೆ ಚರ್ಚಿಸಬಾರದು, ಹೆಚ್ಚಿನ ವಿವರ ಕೆದಕಬಾರದು, ತಾವೇ ರಾಜಿ ಮಾಡಿಸಬಾರದು. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಶಿಕ್ಷಕರ ಕಾನೂನುಬದ್ಧ ಹೊಣೆ. ಮಗುವಿನ ಗುರುತು ಹೊರಬೀಳಕೂಡದು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಅದನ್ನು ತರಗತಿಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸುವುದು ಒಳ್ಳೆಯದು.

ತರಗತಿಯ ಕೆಲಸ

ಎರಡು ಅವಧಿಗಳು ಬೇಕಾಗುತ್ತವೆ. ಮೊದಲನೆಯದರಲ್ಲಿ ಬೆಂಗಳೂರಿನ ಪಂದ್ಯದ ಕಥೆಯನ್ನು 2000ದ ಡಿಸೆಂಬರಿನವರೆಗೆ ಮಾತ್ರ ಹೇಳಿ, ಅಜರುದ್ದೀನರ ಬಗ್ಗೆ ಐದು ವಾಕ್ಯ ಬರೆಯಲು ಸೂಚಿಸಬೇಕು. ಹಾಳೆಗಳನ್ನು ಸಂಗ್ರಹಿಸಿ ತಿದ್ದದೆ ಇಡಬೇಕು. ಎರಡನೆಯ ಅವಧಿಯಲ್ಲಿ 2012ರ ತೀರ್ಪನ್ನು ತಿಳಿಸಿ, ಅದೇ ಹಾಳೆಯನ್ನು ಹಿಂದಿರುಗಿಸಿ, ಬದಲಿಸಬೇಕಾದ ಪದಗಳ ಕೆಳಗೆ ಮಾತ್ರ ಗೆರೆ ಎಳೆಯಲು ಹೇಳಬೇಕು. ಹೊಸ ವಾಕ್ಯ ಬರೆಸುವುದು ಬೇಡ. ಯಾರು ನಾಮಪದಕ್ಕೆ ಗೆರೆ ಎಳೆದರು, ಯಾರು ‘ಅವನು’ ಎಂಬುದಕ್ಕೆ, ಯಾರು ‘ಆದರೆ’ಗೆ, ಯಾರು ಒಂದಕ್ಕೂ ಎಳೆಯಲಿಲ್ಲ ಎಂಬುದೇ ಮುಂದಿನ ಮಾತಿಗೆ ವಸ್ತು. ಗೆರೆ ಎಳೆಯದ ವಿದ್ಯಾರ್ಥಿಗೆ ಅಂಕ ಕಡಿತ ಮಾಡಬಾರದು; ಆತ ಮೊದಲ ದಿನವೇ ಎಚ್ಚರದಿಂದ ಬರೆದಿರಬಹುದು. ಅಂಥ ಹಾಳೆ ಸಿಕ್ಕಿದರೆ ಬರೆದವನ ಒಪ್ಪಿಗೆ ಪಡೆದು ಅದನ್ನೇ ತರಗತಿಗೆ ಗಟ್ಟಿಯಾಗಿ ಓದಿಸಬೇಕು.